ಅಕ್ಕನ ‘ಸ್ವಲ್ಪ’

ಅಕ್ಕನ ಬಾಯಲ್ಲಿ ‘ಸ್ವಲ್ಪ’ ಅಂದರೆ ಸ್ವಲ್ಪ ಅಲ್ಲ. ಕುದಿಯುವ ಗಂಜಿ ಕಾಲ ಮೇಲೆ ಚೆಲ್ಲಿಕೊಂಡ ದಿನವೂ ‘ಸ್ವಲ್ಪ ಉರಿ ಉಂಟು’ ಅಂದವಳು ಅವಳು. ನನಗದು ಚಿಕ್ಕಂದಿನಿಂದ ಗೊತ್ತು. ಗೊತ್ತಿದ್ದೂ ಒಂದು ದಿನ ಆ ಮಾತನ್ನು ಹಾಗೆಯೇ ಒಪ್ಪಿಸಿಬಿಟ್ಟೆ.

ಹೊಟ್ಟೆಯ ಆಪರೇಷನ್ನಿಗೆ ಅವಳನ್ನು ಊರಿನಿಂದ ಕರೆಸಿ ಪರೇಲಿನ ಆಸ್ಪತ್ರೆಗೆ ಸೇರಿಸಿದ್ದೆ. ಅವಳಿಗೆ ಹಿಂದಿ ಬಾರದು. ನಾನು ಶಾಲೆ ಬೇಗ ಬಿಟ್ಟವನಾದರೂ ಅಂಧೇರಿಯ ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಾ ಹಿಂದಿ ಕಲಿತವನು. ಅಲ್ಲಿ ಅವಳ ಮಾತೆಲ್ಲ ನನ್ನ ಬಾಯಿಂದಲೇ ಹೋಗಬೇಕಿತ್ತು.

ಆಪರೇಷನ್ನಿನ ಮರುದಿನ ನರ್ಸ್ ಟ್ಯಾಬ್ ಹಿಡಿದು ಬಂದರು. ಬಿ.ಪಿ., ನಾಡಿ, ಆಕ್ಸಿಜನ್ ಎಲ್ಲ ಮೆಷಿನ್ನಿನಿಂದ ತಾನಾಗಿಯೇ ಅದಕ್ಕೆ ಹೋಗುತ್ತಿತ್ತು.

“ನೋವು ಮಾತ್ರ ಇದಕ್ಕೆ ಕಾಣುವುದಿಲ್ಲ ಭೈಯಾ. ಸೊನ್ನೆಯಿಂದ ಹತ್ತರೊಳಗೆ ಎಷ್ಟು, ಕೇಳಿ ಹೇಳಿ” ಎಂದರು ಹಿಂದಿಯಲ್ಲಿ.

ಕೇಳಿದೆ. ಅಕ್ಕ ಕಣ್ಣು ಮುಚ್ಚಿಕೊಂಡೇ “ಸ್ವಲ್ಪ ಉಂಟು” ಎಂದಳು.

ಸಂಜೆಯ ರಶ್ಶಿಗೆ ನಾನು ಹೋಟೆಲಿನಲ್ಲಿ ಇರಲೇಬೇಕಿತ್ತು. ಇಲ್ಲದಿದ್ದರೆ ಧಣಿ ದೋಸೆ ಕಾವಲಿಯ ಮುಂದೆ ಬೇರೆಯವನನ್ನು ನಿಲ್ಲಿಸುತ್ತಿದ್ದರು. ದೊಡ್ಡ ನಂಬರು ಹೇಳಿದರೆ ಡಾಕ್ಟರು ಬರುತ್ತಾರೆ, ನೀನೂ ಇರು ಅನ್ನುತ್ತಾರೆ.

“ಥೋಡಾ ಹೈ” ಎಂದೆ, ಸ್ವಲ್ಪ ಇದೆ ಅಂತ. ನರ್ಸ್ ಎರಡು ಎಂದು ಒತ್ತಿದರು.

ಲೋಕಲ್ ದಾದರ್ ದಾಟುವಾಗ ಅವಳ ಕೈ ನೆನಪಾಯಿತು. ಮಂಚದ ಕಂಬಿ ಹಿಡಿದ ಬೆರಳುಗಳು ಬಿಳಿಚಿಕೊಂಡಿದ್ದವು. ಅಕ್ಕನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಬಾಂದ್ರಾದಲ್ಲಿ ಇಳಿದು ಎದುರಿನ ಗಾಡಿ ಹತ್ತಿದೆ.

ವಾರ್ಡಿನಲ್ಲಿ ಟ್ಯಾಬ್ ಅಕ್ಕನ ಕಾಲ ಬಳಿ ಬಿದ್ದಿತ್ತು. ನರ್ಸ್ ಅವಳ ಪಕ್ಕದಲ್ಲೇ ಕೂತಿದ್ದರು. ಅವರ ಕೈಯನ್ನು ಅಕ್ಕ ಕಂಬಿಯ ಹಾಗೆಯೇ ಹಿಡಿದುಕೊಂಡಿದ್ದಳು.

“ಇದು ಎರಡಾ ಭೈಯಾ?”

“ಅಲ್ಲ ಸಿಸ್ಟರ್. ಒಂಬತ್ತು. ನಾನೇ ಸರಿಯಾಗಿ ಹೇಳಲಿಲ್ಲ.”

ಅವರು ಬೈಯಲಿಲ್ಲ. ಡಾಕ್ಟರನ್ನು ಕರೆದರು, ಇಂಜೆಕ್ಷನ್ ಬಂತು. ಅಕ್ಕನ ಹಿಡಿತ ಮೆಲ್ಲಗೆ ಸಡಿಲವಾಯಿತು.

“ಹೋಟೆಲಿಗೆ ಹೋಗಲಿಲ್ವಾ ಮಾರಾಯ? ನಿನ್ನ ದೋಸೆ ಇಲ್ಲದೆ ಬೊಂಬಾಯಿಯವರು ಉಪವಾಸ ಬಿದ್ದಾರು” ಎಂದಳು. ನಾನು ಏನು ಹೇಳಿದ್ದೆನೆಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಸ್ವಲ್ಪ ಹೊತ್ತಿಗೆ ನರ್ಸ್ ಮತ್ತೆ ಬಂದು ನೋವು ಎಷ್ಟೆಂದು ಕೇಳಿದರು. ನಾನು ಅದನ್ನು ಅಕ್ಕನಿಗೆ ಕೇಳಿದೆ.

“ಸ್ವಲ್ಪ” ಎಂದಳು ಅಕ್ಕ.

ನರ್ಸ್ ಸ್ಕ್ರೀನಿನ ಮೇಲೆ ಬೆರಳು ಹಿಡಿದು ನನ್ನ ಮುಖ ನೋಡಿದರು. ನಾನು ಬಾಯಿ ತೆರೆಯುವ ಮೊದಲು ಅಕ್ಕನ ಕೈ ಮುಟ್ಟಿ ನೋಡಿದೆ.