ಒಫೊಸು ಒರಳಿಗೆ ಕೈ ಹಾಕಿದ್ದು

ನಮ್ಮ ಬೀದಿಯ ಒಫೊಸು ಟ್ರೋಟ್ರೋ ಅನ್ನೋ ಬಾಡಿಗೆ ವ್ಯಾನಿನಲ್ಲಿ ಜನರನ್ನ ಸಾಗಿಸೋನು. ಇಡೀ ಕುಮಾಸಿ ಪಟ್ಟಣದಲ್ಲಿ ಅವನಷ್ಟು ಬಾಯಿ ಮಾಡೋ ಡ್ರೈವರ್ ಇನ್ನೊಬ್ಬ ಇಲ್ಲ, ಬೇಕಾದರೆ ಪಣ ಕಟ್ಟಿ. ಚರ್ಚಿನ ಹತ್ತಿರ ನಿಲ್ಲಿಸಪ್ಪಾ ಅಂತ ನಾನು ಎಷ್ಟು ಗಂಟಲು ಹರಿದುಕೊಂಡರೂ ಮಾರ್ಕೆಟ್ಟಿಗೇ ಒಯ್ದು ಇಳಿಸೋನು. ಬಟ್ಟೆಗಂಟು ತಲೆ ಮೇಲೆ ಹೊತ್ತು, ಅವನಿಗೆ ಶಾಪ ಹಾಕ್ತಾ ನನ್ನ ಹೊಲಿಗೆ ಅಂಗಡಿಗೆ ವಾಪಸ್ ನಡೆಯೋದು ನನ್ನ ಹಣೆಬರಹ.

ಅವನ ಕಾಲು ಮುರಿದದ್ದೂ ಬಾಯಿಂದಲೇ. ಸ್ಟ್ಯಾಂಡಿನಲ್ಲಿ ಯಾರ ವ್ಯಾನು ಮೊದಲು ತುಂಬಬೇಕು ಅಂತ ಗೆಳೆಯ ಅಡೊಮಾಕೊ ಜೊತೆ ಜಗಳ. ತೋಳೆತ್ತಿ ವಾದಿಸ್ತಾ ಒಂದೊಂದೇ ಹೆಜ್ಜೆ ಹಿಂದೆ ಸರೀತಿದ್ದ. "ಮಾಸ್ಟರ್, ಹಿಂದೆ ಚರಂಡಿ!" ಅಂತ ಕಂಡಕ್ಟರ್ ಮೂರು ಸಲ ಕೂಗಿದ. "ಸುಮ್ನಿರೋ, ನಾನು ಮಾತಾಡ್ತಿದೀನಿ!" ಅಂದನಂತೆ ಒಫೊಸು. ಚರಂಡಿಯೊಳಗೆ ಬಿದ್ದ ಮೇಲೂ ವಾದ ನಿಲ್ಲಿಸಲಿಲ್ಲ, ಪುಣ್ಯಾತ್ಮ.

ಎರಡು ತಿಂಗಳು ಪ್ಲಾಸ್ಟರ್ ಹಾಕಿದರು. ಅವನ ಹೆಂಡತಿ ಕೊನಾಡು ನನ್ನ ಅಂಗಡಿ ಪಕ್ಕದಲ್ಲೇ ಊಟದ ಹೋಟೆಲು ನಡೆಸ್ತಾಳೆ. ಅವಳ ಫುಫು ಮುದ್ದೆ ಮತ್ತು ಶೇಂಗಾ ಸಾರಿಗೆ ಮಧ್ಯಾಹ್ನ ಜನ ಸಾಲುಗಟ್ಟುತ್ತಾರೆ. ಆದರೆ ಆ ಮುದ್ದೆಗೆ ಬೇಯಿಸಿದ ಮರಗೆಣಸು, ಬಾಳೆಕಾಯಿ ಕುಟ್ಟೋದು ಒಬ್ಬರ ಕೈಲಾಗೋ ಕೆಲಸವಲ್ಲ. ಒಬ್ಬರು ನಿಂತು ಒನಕೆ ಹಾಕಬೇಕು, ಇನ್ನೊಬ್ಬರು ಕೂತು ಎರಡು ಪೆಟ್ಟಿನ ನಡುವೆ ಹಿಟ್ಟು ಮಗುಚಬೇಕು. ಮಗುಚುತ್ತಿದ್ದ ಅವಳ ತಂಗಿ ಡುಫಿ ಅದೇ ವಾರ ಹೆರಿಗೆಗೆ ಅಂತ ಒಬುವಾಸಿಗೆ ಹೋದಳು.

"ನೀನೇ ಬಾ. ಹೇಗೂ ಕೂತೇ ಇದೀಯಲ್ಲ," ಅಂದಳು ಕೊನಾಡು ಗಂಡನಿಗೆ.

"ನಾನಾ? ಕುಟ್ಟೋದು ಗಂಡಸರ ಕೆಲಸ, ಮಗುಚೋದು ಹೆಂಗಸರದ್ದು!"

"ಹಾಗಾದ್ರೆ ಒಂಟಿ ಕಾಲಲ್ಲಿ ನಿಂತು ಕುಟ್ಟು, ನೋಡೋಣ."

ಗೊಣಗುತ್ತಾ ಸ್ಟೂಲಿನ ಮೇಲೆ ಕೂತ. ಕೂತವನು ಸುಮ್ಮನಿದ್ದನೇ? "ಹೂಂ ಹೊಡಿ! ತಡಿ! ಈಗ ಹೊಡಿ!" ಅಂತ ಶುರುಮಾಡಿದ. ನಾಲ್ಕನೇ ಪೆಟ್ಟು ನಡುಬೆರಳಿನ ಮೇಲೇ ಬಿತ್ತು. ಅಯ್ಯಪ್ಪಾ, ಅವನ ಕಿರುಚಾಟಕ್ಕೆ ನನ್ನ ಸೂಜಿ ಮುರೀತು.

"ತಡಿ ಅಂದೆನಲ್ಲೇ!"

"ಒನಕೆಗೆ ಬ್ರೇಕಿಲ್ಲ ಮಾರಾಯ. ಬಾಯಿ ಮುಚ್ಚಿ ನನ್ನ ಉಸಿರು ಕೇಳಿಸ್ಕೋ. ಉಸಿರು ಬಿಟ್ಟಾಗ ಒನಕೆ ಬೀಳತ್ತೆ, ಎಳ್ಕೊಂಡಾಗ ನೀನು ಕೈ ಹಾಕು."

ಬೆರಳಿನ ಆಸೆಗೆ ಬಾಯಿ ಮುಚ್ಚಿದ. ಇಪ್ಪತ್ತು ವರ್ಷದಲ್ಲಿ ಇದೇ ಮೊದಲು. ನಾನು ಮಷಿನ್ ಬಿಟ್ಟು ಹೋಗಿ ನೋಡಿ ಬಂದೆ, ನಂಬಿಕೆ ಬರಬೇಕಲ್ಲ! ಊಟಕ್ಕೆ ಬಂದ ಅಡೊಮಾಕೊ ಬಿಟ್ಟಾನೆಯೇ? "ಒಫೊಸಮ್ಮಾ, ನನಗೆ ದೊಡ್ಡ ಉಂಡೆ ಕಟ್ಟಮ್ಮಾ!" ಅಂತ ದಿನಾ ಕಾಲೆಳೆಯೋನು. ಒಫೊಸು ಹಲ್ಲು ಕಚ್ಚಿ ಮಗುಚುತ್ತಿದ್ದ. ಉತ್ತರ ಕೊಡೋಕೆ ಹೋದರೆ ಬೆರಳು ಹೋಗ್ತಿತ್ತು.

ಮೂರನೇ ವಾರ ಒಂದು ದಿನ, ಜನ ತಟ್ಟೆ ಹಿಡಿದು ಕಾಯ್ತಿರುವಾಗಲೇ ಒಫೊಸು ಕೈ ಹೊರಗೆಳೆದುಕೊಂಡ.

"ಸಾಕು ಕೊನಾಡು, ಕೂತ್ಕೋ. ನಿನ್ನ ಭುಜ ನೋಯ್ತಿದೆ."

"ಯಾರು ಹೇಳಿದ್ರು?"

"ಒನಕೆ ಎತ್ತುವಾಗ ಉಸಿರು ಸಿಕ್ಕಿಕೊಳ್ತಿದೆ. ಎಷ್ಟು ದಿನದಿಂದ?"

"ಎರಡು ವರ್ಷ ಆಯ್ತು."

"ನನಗೆ ಹೇಳಲೇ ಇಲ್ವಲ್ಲೇ!"

"ಹೇಳಿದ್ದೆ. ನೀನು ಮಾತಾಡ್ತಿದ್ದೆ."

ಒಫೊಸು ಕೈಗಂಟಿದ ಹಿಟ್ಟು ಒರೆಸಿಕೊಂಡ. ಆಮೇಲೆ ತಲೆಯೆತ್ತಿ, "ಲೋ ಅಡೊಮಾಕೊ, ನಗೋಕೆ ಬಲ ಇದೆಯಲ್ಲ, ಬಂದು ಕುಟ್ಟು!" ಅಂದ. ಅಡೊಮಾಕೊ ಬೆವರು ಸುರಿಸಿ ಕುಟ್ಟಿದ ಮೇಲೇ ಅವತ್ತು ಎಲ್ಲರಿಗೂ ಊಟ. ಅವನಿಗೆ ಸಿಕ್ಕಿದ್ದು ಚಿಕ್ಕ ಉಂಡೆ.

ಸಂಜೆ ಕೊನಾಡು ನನ್ನ ಅಂಗಡಿಗೆ ಬಂದು ಬೆಂಚಿನ ಮೇಲೆ ಕುಸಿದಳು. "ಟೇಲರಕ್ಕಾ, ಅವನ ಕಾಲು ವಾಸಿಯಾಗ್ಲಿ ಅಂತ ಪ್ರಾರ್ಥನೆ ಮಾಡೋಕೂ ಭಯ ಆಗ್ತಿದೆ. ಕಾಲು ಕೂಡಿಕೊಂಡ ದಿನ ಕಿವಿ ಮುಚ್ಚಿಹೋದ್ರೆ?"

"ಥೂ, ಕಟ್ಟಿಕೊಂಡ ಗಂಡನ ಬಗ್ಗೆ ಹೀಗಂತಾರೇನೇ!" ಅಂತ ಬೈದೆ. ನಿಜ ಹೇಳಲಾ? ನನಗೂ ಅದೇ ಭಯ ಇತ್ತು.

ಪ್ಲಾಸ್ಟರ್ ಬಿಚ್ಚಿ, ಕಾಲಿಗೆ ಬಲ ಬಂದ ಮೇಲೆ ಒಂದು ಬೆಳಿಗ್ಗೆ ವ್ಯಾನು ಹೊರಗೆ ತೆಗೆದ. ಇಡೀ ಬೀದಿಗೆ ಕೇಳೋ ಹಾಗೆ ಹಾರ್ನ್ ಹೊಡೆದುಕೊಂಡು ಹೋದ. ಕೊನಾಡು ಗೆಣಸು ಹೆರೆಯೋಕೆ ಕೂತಳು. ಡುಫಿ ಇನ್ನೂ ಬಾಣಂತಿ, ಬರೋ ಹಾಗಿಲ್ಲ. ಇವತ್ತು ಕೊನಾಡು ಹೋಟೆಲು ಮುಚ್ಚಿದ ಹಾಗೇ ಅಂದುಕೊಂಡೆ.

ಹನ್ನೊಂದಕ್ಕೆ ವ್ಯಾನು ಬಂದು ಬಾಗಿಲಲ್ಲಿ ನಿಂತಿತು, ಖಾಲಿ. ಒಫೊಸು ಇಳಿದು ಮೊಣಕೈತನಕ ಕೈ ತೊಳೆದ. ಕೊನಾಡು ಸ್ಟೂಲು ಮುಂದಕ್ಕೆ ತಳ್ಳಿದಳು. ಅವನು ಕೂರಲಿಲ್ಲ, ಅವಳ ಕೈಯಿಂದ ಒನಕೆ ಇಸ್ಕೊಂಡ.

"ಈಗ ಎರಡು ಕಾಲಿದೆ. ನೀನು ಕೂತ್ಕೋ, ಭುಜಕ್ಕೆ ಆರಾಮಾಗ್ಲಿ."

ಇವನ ಒನಕೆ ಕೆಳಗೆ ಕೈಯಿಡೋದೇ? ನಾನಾಗಿದ್ದರೆ ಓಡಿ ಹೋಗ್ತಿದ್ದೆ. ಕೊನಾಡು ಒಂದು ಗಳಿಗೆ ಅವನ ಮುಖ ನೋಡಿದಳು. ಕೂತಳು. ಬೆರಳು ಒದ್ದೆ ಮಾಡಿಕೊಂಡು ಒರಳಿಗೆ ಕೈ ಹಾಕಿದಳು.

ಒಫೊಸು ತುಟಿ ಬಿಗಿಹಿಡಿದು ಕುಟ್ಟತೊಡಗಿದ. ನಡುವೆ ಕೊನಾಡು ಮೆಲ್ಲಗೆ, ನನ್ನ ಹಾಗೆ ಗಂಟಲು ಹರಿದುಕೊಳ್ಳದೆ, "ತಡಿ" ಅಂದಳು.

ಒನಕೆ ಗಾಳಿಯಲ್ಲೇ ನಿಂತಿತು.

ಅವಳು ನಿಧಾನವಾಗಿ ಹಿಟ್ಟಿನಿಂದ ಗೆಣಸಿನ ನಾರೊಂದನ್ನು ಹೆಕ್ಕಿ ತೆಗೆದಳು. ಎತ್ತಿ ನೋಡಿದಳು. ಬಿಸಾಕಿದಳು. ಬೇಕಂತಲೇ ತಡಮಾಡಿದಳು ಕಳ್ಳಿ, ನನಗೆ ಗೊತ್ತಾಗಲ್ವೇ? ಮೇಲೆ ಒನಕೆ ಹಿಡಿದವನ ತೋಳು ನಡುಗುತ್ತಿತ್ತು, ಆದರೆ ಬಾಯಿ ತೆರೆಯಲಿಲ್ಲ.

"ಹೂಂ," ಅಂದಳು. ಒನಕೆ ಇಳಿದದ್ದು ಆಮೇಲೇ. ಇತ್ತ ನಾನು ಹೊಲೀತಿದ್ದ ರವಿಕೆಗೆ ತೋಳು ತಿರುಗಾಮುರುಗಾ ಕೂತಿತ್ತು.