ಕೆಂಚನ ಮೂಗು, ಅಮ್ಮನ ಹರಕೆ

ಹಾವು ಕಚ್ಚಿರಬಹುದು. ಹೈವೇಯಲ್ಲಿ ಬೈಕು ತಾಗಿರಬಹುದು. ಜೇನುಹುಳ ಹೊಡೆದಿರಬಹುದು. ಹಲ್ಲಿನ ಬುಡ ಕೊಳೆತಿರಬಹುದು. ಕ್ಯಾನ್ಸರೂ ಆಗಿರಬಹುದು. ನಮ್ಮ ನಾಯಿ ಕೆಂಚನ ಮೂಗು ಒಂದು ಬದಿಗೆ ಊದಿಕೊಂಡ ಬೆಳಿಗ್ಗೆ, ಚಾ ತಣಿಯುವುದರೊಳಗೆ ನಾನು ಇಷ್ಟನ್ನೂ ಯೋಚಿಸಿ ಮುಗಿಸಿದ್ದೆ. ಈ ಒಂದು ಕೆಲಸದಲ್ಲಿ ನಾನು ಬಲು ಚುರುಕು.

ಮರವಂತೆಯಿಂದ ಬ್ರಹ್ಮಾವರದ ಕ್ಲಿನಿಕ್‌ವರೆಗೂ ಅವನು ಹಿಂದಿನ ಸೀಟಿನಲ್ಲಿ ಸೀನುತ್ತಲೇ ಬಂದ. ಡಾಕ್ಟರ್ ಊತಕ್ಕೆ ಸೂಜಿ ಚುಚ್ಚಿ ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳಿಸಿದರು.

ಕ್ರಿಪ್ಟೋಕಾಕಸ್.

"ಒಂದು ಫಂಗಸ್. ಪಾರಿವಾಳದ ಹಿಕ್ಕೆಯಲ್ಲಿ ಇರುತ್ತೆ. ನಾಯಿಗಳಲ್ಲಿ ಅಪರೂಪ," ಎಂದರು. ಮಿದುಳಿಗೆ ಹೋದರೆ ಉಳಿಸುವುದು ಕಷ್ಟವಂತೆ. ತಿಂಗಳುಗಟ್ಟಲೆ ಕ್ಯಾಪ್ಸೂಲ್, ಊಟದ ಜೊತೆಗೆ.

ನಾನು ಇನ್ನೂ ಹೆದರಿರದ ಕಾಯಿಲೆಯೂ ಒಂದಿದೆ ಎಂಬುದೇ ನನಗೆ ಅವಮಾನ.

ಬೈಗೆ ಅನ್ನುವ ಬೂತಾಯಿ ಮೀನಿನ ಹೊಟ್ಟೆಯಲ್ಲಿ ಕ್ಯಾಪ್ಸೂಲ್ ಅಡಗಿಸಿ ಕೊಟ್ಟೆವು. ಊತ ಇಳಿಯತೊಡಗಿತು. ಆದರೆ ಒಂದು ದಿನ ಸೀನಿದಾಗ ರಕ್ತ ಬಂತು. ಅಮ್ಮ ದೇವರ ಕೋಣೆಗೆ ಹೋಗಿ ಕೈಮುಗಿದಳು.

"ದೇವ್ರೇ, ಕೆಂಚಂಗೆ ಗುಣ ಆಪಲ್ಲಿವರಿಗೆ ಈ ಮನಿಯೊಳ್ಗೆ ಮೀನ್ ಬೇಯ್ಸುದಿಲ್ಲ."

ಮೀನಿಲ್ಲದೆ ಅನ್ನವೇ ಇಳಿಯದವಳ ಹರಕೆ ಅದು. ನಾನೂ ಬೇಡ ಎನ್ನಲಿಲ್ಲ. ಔಷಧಿಯ ಜೊತೆ ದೇವರೂ ಇರಲಿ ಎಂಬುದು ನನ್ನಂಥ ಪುಕ್ಕಲರ ಲೆಕ್ಕ. ಕ್ಯಾಪ್ಸೂಲನ್ನು ಗಂಜಿಯ ಜೊತೆ ಗಂಟಲಿಗೆ ಇಳಿಸತೊಡಗಿದೆವು.

ಊತ ಮತ್ತೆ ಬಂತು.

ಕೆಂಚ ತಲೆ ಕೊಡವಿದರೂ ಸಾಕು, ಮಿದುಳಿಗೆ ಹೋಯಿತೆಂದೇ ನನ್ನ ತೀರ್ಮಾನ. ಮತ್ತೆ ಬ್ರಹ್ಮಾವರ.

"ಊಟಕ್ಕೆ ಏನು ಹಾಕ್ತಿದ್ದೀರಿ?" ಡಾಕ್ಟರ್ ಕೇಳಿದರು.

"ಬರೀ ಗಂಜಿ."

"ಮೊದಲು?"

"ಬೈಗೆ."

"ಅಯ್ಯೋ ಮಾರಾಯ್ರೆ, ಈ ಕ್ಯಾಪ್ಸೂಲ್ ಮೈಗೆ ಹಿಡಿಯಬೇಕಾದರೆ ಊಟದಲ್ಲಿ ಎಣ್ಣೆಯಂಶ ಬೇಕು. ಬೈಗೆಯಲ್ಲಿ ಅದು ಬೇಕಾದಷ್ಟಿತ್ತು."

ಮನೆಗೆ ಬಂದು ಹೇಳಿದೆ. ಅಮ್ಮ ತುಪ್ಪ ಕಲಸಿದ ಅನ್ನ ಇಟ್ಟು ನೋಡಿದಳು. ಕೆಂಚ ಮುಖ ತಿರುಗಿಸಿದ. ಅವಳು ಎದ್ದು ಅಂಗಳದಲ್ಲಿ ಮೂರು ಕಲ್ಲು ಹೂಡಿ ಒಲೆ ಹೊತ್ತಿಸಿದಳು.

"ಅಮ್ಮ, ಹರಕೆ?" ಎಂದೆ. ದೇವರು ಮುನಿದರೆ ಎಂಬ ಹೊಸ ಹೆದರಿಕೆ ಆಗಲೇ ಶುರುವಾಗಿತ್ತು.

"ಹರ್ಕಿ ನಂದ್. ನಾಯಿ ಎಂತಕ್ ಉಪಾಸ ಬೀಳ್ಕ್? ನೀನ್ ಸುಮ್ನೆ ಹೋಯಿ ಬೈಗೆ ತಕಂಬಾ."

ಊತ ಈಗ ಇಳಿಯುತ್ತಿದೆ. ಕ್ಯಾಪ್ಸೂಲಿನಿಂದ ಲಿವರಿಗೂ ತೊಂದರೆಯಾಗಿಲ್ಲ, ಟೆಸ್ಟ್ ಸರಿಯಿದೆ. ಪೂರ್ತಿ ಗುಣವಾಯಿತೆಂದು ಡಾಕ್ಟರ್ ಹೇಳಿಲ್ಲ. ಕೇಳುವ ಧೈರ್ಯ ನನಗೂ ಬಂದಿಲ್ಲ. ಕೆಂಚ ಅಂಗಳದಲ್ಲಿ ಮೀನು ತಿನ್ನುವಾಗ ಅಮ್ಮ ಜಗಲಿಯಲ್ಲಿ ಕೂತು, ಆ ಕಡೆ ಬೇಕಂತಲೇ ನೋಡದೆ, ಉಪ್ಪಿನಕಾಯಿ ನೆಂಚಿಕೊಂಡು ಗಂಜಿ ಉಣ್ಣುತ್ತಾಳೆ.

ನಾನು ದೊಡ್ಡ ದೊಡ್ಡದಕ್ಕೆಲ್ಲ ಹೆದರಿ ಕೂತಿದ್ದೆ. ಎಡವಿದ್ದು, ಬಟ್ಟಲಿನಿಂದ ತಪ್ಪಿಹೋದ ಒಂದು ಬೈಗೆಯಲ್ಲಿ.