ಒತಿಲಿಯಾ ಕಾಯಿಸಿದ ಭಟ್ಟಿ

ಕಡಲ ದಂಡೆಯ ಗಣಿಯೂರು ಲೋತಾದ ನಮ್ಮ ಸಾಲುಮನೆಗಳಲ್ಲಿ ಹನ್ನೆರಡು ಸಂಸಾರಕ್ಕೆ ಬ್ರೆಡ್ ಸುಡಲು ಇಟ್ಟಿಗೆಯಲ್ಲಿ ಕಟ್ಟಿದ ಒಂದೇ ಭಟ್ಟಿ. ಬೆಳಗ್ಗೆ ಮೊದಲು ಬಂದವಳು ತಣ್ಣಗಾದ ಭಟ್ಟಿಗೆ ತನ್ನ ಮನೆಯ ಕಲ್ಲಿದ್ದಲು ಸುರಿದು ಕಾಯಿಸಬೇಕು. ಆಮೇಲೆ ಬಂದವರು ಆ ಕಾವಿನಲ್ಲೇ ಬ್ರೆಡ್ ಸುಟ್ಟುಕೊಳ್ಳಬಹುದು. ಅದಕ್ಕೇ ಮೊದಲ ಸರದಿಯನ್ನು ವಾರಕ್ಕೊಬ್ಬಳಂತೆ ಹಂಚಿಕೊಂಡಿದ್ದೆವು. ನನ್ನ ವಾರ ಬಂದಾಗಲೆಲ್ಲ ನನಗೆ ಸೊಂಟನೋವು.

"ಏನೇ ಮಿರ್ತಾ, ಸೋಮವಾರ ಬಂತು, ಸೊಂಟಾನೂ ಬಂತಾ?" ಎಂದು ಪಕ್ಕದ ಮನೆಯ ಒತಿಲಿಯಾ ಗೋಡೆಯಾಚೆಯಿಂದ ಕೇಳುತ್ತಿದ್ದಳು. ಕೇಳಿ, ತಾನೇ ಹೋಗಿ ಹೊತ್ತಿಸುತ್ತಿದ್ದಳು.

ಗಣಿ ಮುಚ್ಚಿತು. ಮನೆಗಳಿಗೆ ಬರುತ್ತಿದ್ದ ಇದ್ದಲೂ ನಿಂತಿತು. ಗಂಡಸರಿಗೆ ಹೊಸ ಕಸುಬು ಕಲಿಸಲು ಸರ್ಕಾರದವರು ಬಂದರು. ನನ್ನ ಗಂಡ ಸೆಗುಂದೊ ಕ್ಷೌರ ಕಲಿತ. ಮೂವತ್ತು ವರ್ಷ ಗುದ್ದಲಿ ಹಿಡಿದ ಕೈ. ಮೊದಲು ತಲೆಯೊಡ್ಡಿದ ನನ್ನ ಅಣ್ಣನ ಕಿವಿಗೆ ಮೂರು ಹೊಲಿಗೆ ಬಿತ್ತು. ಆಮೇಲೆ ಸೆಗುಂದೊ ಕಿಟಕಿ ಬಳಿ ಕೂತ. ಒತಿಲಿಯಾಳ ಗಂಡ ಅವರ ಕಿಟಕಿ ಬಳಿ ಕೂತ. ಹೆಂಗಸರಿಗೆ ಯಾರೂ ಏನೂ ಕಲಿಸಲಿಲ್ಲ. ನಮ್ಮ ಕೆಲಸ ನಿಂತಿರಲಿಲ್ಲವಲ್ಲ.

ಒತಿಲಿಯಾ ಕಡಲಿಗಿಳಿದಳು. ಮೊಣಕಾಲುದ್ದ ತಣ್ಣೀರಿನಲ್ಲಿ ನಿಂತು, ಅಲೆ ತಂದು ಹಾಕುವ ಇದ್ದಲ ಚೂರುಗಳನ್ನು ಬಲೆಯಲ್ಲಿ ಹಿಡಿದು, ಮೂಟೆ ಹೊತ್ತು ತಂದು ಒಣಗಿಸುತ್ತಿದ್ದಳು. ಉಳಿದವರು ಅಂಗಡಿ ಬ್ರೆಡ್ಡಿಗೆ ಹೋದರು. ಭಟ್ಟಿಗೆ ಬರುವವರು ನಾವಿಬ್ಬರೇ ಆದೆವು. ಆಗಲೂ ನಾನು ಎರಡನೆಯವಳು.

ಗಣಿಯನ್ನು ಪ್ರವಾಸಿಗರಿಗೆ ತೋರಿಸುವ ಯೋಜನೆ ಶುರುವಾಯಿತು. ಅದರ ಕಡೆಯ ಯುವತಿಯೊಬ್ಬಳು ಬಂದಾಗ ಒತಿಲಿಯಾ ಕಡಲಲ್ಲಿದ್ದಳು. ನಾನು ಭಟ್ಟಿಯಿಂದ ನನ್ನ ಬ್ರೆಡ್ ತೆಗೆಯುತ್ತಿದ್ದೆ.

"ಈ ಭಟ್ಟಿ ಆರದ ಹಾಗೆ ನೋಡ್ಕೊಂಡಿರೋರು ಯಾರಮ್ಮ? ಅಂಥವರೊಬ್ಬರಿಗೆ, ಪ್ರವಾಸಿಗರ ಮುಂದೆ ಭಟ್ಟಿ ಹೊತ್ತಿಸಿ ಬ್ರೆಡ್ ಮಾಡಿ ತೋರಿಸೋ ಕೆಲಸ ಇದೆ."

ಕಿಟಕಿಯಲ್ಲಿ ಸೆಗುಂದೊ ಕಾಣುತ್ತಿದ್ದ. "ನಾನೇ" ಅಂದೆ.

ಒತಿಲಿಯಾಗೆ ಸಂಜೆ ತಿಳಿಯಿತು. ಮೂಟೆ ಕೆಳಗಿಟ್ಟು, "ಸೊಂಟ ಹೇಗಿದೆ?" ಅಂದಳು, ಅಷ್ಟೇ.

ಮೊದಲ ದಿನ ನಾನು ಹೊತ್ತಿಸಿದ ಭಟ್ಟಿ ಬರೀ ಹೊಗೆ ಕಾರಿತು. ಈ ಸಾಲಿಗೆ ಬಂದ ಇಪ್ಪತ್ತಾರು ವರ್ಷದಲ್ಲಿ ತಣ್ಣನೆಯ ಭಟ್ಟಿಯ ಬಾಯಿ ನಾನು ನೋಡಿದ್ದೇ ಇಲ್ಲ. ಒತಿಲಿಯಾ ಬಂದು ನನ್ನನ್ನು ಪಕ್ಕಕ್ಕೆ ಸರಿಸಿದಳು.

"ಒದ್ದೆ ಇದ್ದಲು ಯಾರಾದ್ರೂ ತಳಕ್ಕೆ ಹಾಕ್ತಾರಾ?"

ಉರಿ ಎದ್ದೊಡನೆ ಕೈ ತೊಳೆಯಲು ಭಟ್ಟಿಯ ಹಿಂದಿನ ನಲ್ಲಿಗೆ ಹೋದಳು. ಅಂದು ಪ್ರವಾಸಿಗರು ತೆಗೆದ ಫೋಟೋದಲ್ಲಿ, ಯೋಜನೆಯವರು ಕೊಟ್ಟ ನನ್ನ ಏಪ್ರನ್ ಬೆಳ್ಳಗಿದೆ.

ಎರಡು ವರ್ಷ ದಿನವೂ ಅವಳೇ ಹೊತ್ತಿಸಿದಳು. ಯಾಕೆಂದು ಕೇಳಿದರೆ, "ಹೊಗೆ ನಮ್ಮನೆ ಬಟ್ಟೆ ಮೇಲೆ ಕೂರತ್ತೆ. ಒಗೆಯೋಳು ನಾನು" ಅನ್ನುತ್ತಿದ್ದಳು. ನಾನು ಕೊಟ್ಟ ಬ್ರೆಡ್ ತಗೊಳ್ಳುತ್ತಿದ್ದಳು. ಮುಖಕ್ಕೆ ಎಸೆದಿದ್ದರೆ ನನಗೆ ಹಗುರಾಗುತ್ತಿತ್ತು.

ಒಂದು ಭಾನುವಾರ ರಾಜಧಾನಿ ಸಾಂತಿಯಾಗೊದಿಂದ ಬಂದ ಮುದುಕಿಯೊಬ್ಬಳು ನನ್ನ ಕೈ ಹಿಡಿದು ತಿರುಗಿಸಿ ನೋಡಿದಳು. "ಎಷ್ಟು ಮೆತ್ತಗಿದೆಯಲ್ಲಮ್ಮ. ಬೆಂಕಿ ಹಾಕೋ ಕೈಯಾ ಇದು?"

ಅಂಥ ಪ್ರಶ್ನೆಗಳಿಗೆಲ್ಲ ನನ್ನ ಹತ್ತಿರ ಬಾಯಿಪಾಠದ ಉತ್ತರ ಇತ್ತು. ನಲ್ಲಿಯ ಬಳಿ ಒತಿಲಿಯಾ ಉಗುರು ಸಂದಿಯ ಕಪ್ಪು ಉಜ್ಜುತ್ತಿದ್ದಳು.

"ಅಲ್ಲ. ಹೊತ್ತಿಸೋಳು ಅವಳು. ಯಾವತ್ತೂ ಅವಳೇ. ಈ ಕೆಲಸಾನೂ ಅವಳದ್ದೇ. ನಾನು ಸುಳ್ಳು ಹೇಳಿ ತಗೊಂಡೆ" ಅಂದೆ.

ಪ್ರವಾಸಿಗರ ಜೊತೆ ಬಂದಿದ್ದ ಯೋಜನೆಯ ಯುವತಿ ಕಾಗದ ಹಿಡಿದು ನಿಂತಳು. "ಹಾಗಾದ್ರೆ ಹೆಸರು ಬದಲಾಯಿಸ್ಬೇಕಾ?"

"ಬದಲಾಯಿಸಮ್ಮ" ಎಂದವಳು ಒತಿಲಿಯಾ.

ನಾನು ಏಪ್ರನ್ ಬಿಚ್ಚಿ ಕೊಟ್ಟೆ. ಅವಳು ಮೊದಲು ಅದಕ್ಕೆ ಕೈ ಒರೆಸಿದಳು, ಆಮೇಲೆ ಕಟ್ಟಿಕೊಂಡಳು.

"ನಾಳೆ ಸೋಮವಾರ" ಅಂದಳು. "ಮೊದಲ ಸರದಿ ನಿಂದು. ಇದ್ದಲೂ ನಿಂದೇ. ಸೊಂಟದ ಮಾತು ಎತ್ತಬೇಡ."

ಮಧ್ಯಾಹ್ನವೇ ಬಲೆ ಹಿಡಿದು ಕಡಲಿಗೆ ಹೋದೆ. ನೀರು ಅಷ್ಟು ತಣ್ಣಗಿರುತ್ತದೆಂದು ಅವಳು ಒಮ್ಮೆಯೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.